ಬಾಡಿಗೆ ಮನೆಯ ಇನ್ಶೂರೆನ್ಸ್: ಓನರ್ ಕಟ್ಟಬೇಕೋ, ಬಾಡಿಗೆಯವರೋ?

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಯಾವ ಬಾಡಿಗೆ ಕರಾರು ಪತ್ರ ತೆಗೆದು ಓದಿದರೂ ಗೋಡೆಗೆ ಮೊಳೆ ಹೊಡೆಯಬಾರದು ಎಂದಿರುತ್ತದೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇವೆ ಎಂದಿರುತ್ತದೆ. ನೀರಿನ ಬಿಲ್ಲು ಯಾರದು, ಕರೆಂಟ್ ಬಿಲ್ಲು ಯಾರದು ಎಂಬುದೂ ಇರುತ್ತದೆ. ಮನೆಗೆ ಬೆಂಕಿ ಬಿದ್ದರೆ, ಜುಲೈ ಮಳೆಗೆ ಹಿತ್ತಲಿನ ಧರೆ ಕುಸಿದು ಅಡುಗೆಮನೆ ಗೋಡೆ ಒರಗಿದರೆ ನಷ್ಟ ಯಾರು ಭರಿಸಬೇಕು ಎಂಬ ಸಾಲು ಮಾತ್ರ ಇರುವುದಿಲ್ಲ. ಹನ್ನೊಂದು ತಿಂಗಳ ಕರಾರಿಗೆ ಅಷ್ಟೆಲ್ಲ ಯಾಕೆ ಎಂದು ಇಬ್ಬರೂ ಸುಮ್ಮನಿರುತ್ತಾರೆ. ಅದೇ ಕರಾರು ಐದಾರು ಸಲ ನವೀಕರಣವಾಗಿ, ಅದೇ ಮನೆಯಲ್ಲಿ ಮಕ್ಕಳು ಶಾಲೆ ಮುಗಿಸಿ ಕಾಲೇಜಿಗೂ ಹೋಗುತ್ತಾರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕಟ್ಟಡದ ವಿಮೆ ಓನರ್ ಕಟ್ಟಬೇಕು, ಒಳಗಿನ ಸಾಮಾನಿನ ವಿಮೆ ಬಾಡಿಗೆಯವರು ಕಟ್ಟಬೇಕು. ಪ್ರೀಮಿಯಂ ಯಾರ ಜೇಬಿನಿಂದ ಹೋಯಿತು ಎನ್ನುವುದಕ್ಕಿಂತ ಪಾಲಿಸಿಯಲ್ಲಿ ಯಾರ ಹೆಸರಿದೆ ಎನ್ನುವುದು ದೊಡ್ಡ ಪ್ರಶ್ನೆ. ಭೋಗ್ಯದ ಮನೆಯಲ್ಲಿ ಈ ಲೆಕ್ಕ ಬೇರೆಯಾಗುತ್ತದೆ, ಅದಕ್ಕೆ ಮುಂದೆ ಬರುತ್ತೇನೆ.

ಮನೆ ವಿಮೆಯಲ್ಲಿ ಏನೇನು ಬರುತ್ತದೆ

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಸಾಮಾನ್ಯ ವಿಮಾ ಕಂಪನಿಯಲ್ಲಿ ತೆಗೆದುಕೊಂಡರೂ ಅದರ ಮೂಲ ಷರತ್ತು ಒಂದೇ, ಹೀಗಾಗಿ ಹೋಲಿಸುವುದು ಸುಲಭ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಕಾಡ್ಗಿಚ್ಚು, ಮನೆ ಮೇಲೆ ಮರ ಬೀಳುವುದು, ವಾಹನ ಬಂದು ಗುದ್ದುವುದು, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು – ಇವೆಲ್ಲ ಅದರೊಳಗೆ ಬರುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಈ ಪಟ್ಟಿಯಲ್ಲಿ ಭೂಕುಸಿತ, ಮರ, ಸಿಡಿಲು ಈ ಮೂರೂ ಹೆಸರಿಗಷ್ಟೇ ಇರುವ ಅಪಾಯಗಳಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡ ಜಾರಿದ್ದನ್ನು, ಚಾರ್ಮಾಡಿ ಘಾಟಿ ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ಸಕಲೇಶಪುರದ ಕಡೆ ಹೆದ್ದಾರಿ ಮಗ್ಗುಲಲ್ಲಿ ಮನೆ ಇರುವವರಿಗೆ ಮಳೆಗಾಲ ಬಂತೆಂದರೆ ಧರೆಯ ಮೇಲೇ ಕಣ್ಣು.

ಈ ಪಾಲಿಸಿಯಲ್ಲಿ ಎರಡು ಭಾಗ. ಒಂದು ಕಟ್ಟಡ, ಇನ್ನೊಂದು ಸಾಮಾನು. ಎರಡನ್ನೂ ತೆಗೆದುಕೊಳ್ಳಬಹುದು, ಒಂದನ್ನೇ ತೆಗೆದುಕೊಳ್ಳಬಹುದು. ಬಾಡಿಗೆ ಮನೆಯ ಇಡೀ ವ್ಯಾಜ್ಯಕ್ಕೆ ಉತ್ತರ ಈ ವಿಂಗಡಣೆಯಲ್ಲೇ ಇದೆ.

ಕಟ್ಟಡ ಎಂದರೆ ಗೋಡೆ, ಚಾವಣಿ, ಗೋಡೆಯೊಳಗಿನ ವೈರಿಂಗು, ಪೈಪು, ಬಾಗಿಲು, ಕಿಟಕಿ ಮಾತ್ರವಲ್ಲ. ಕಾಂಪೌಂಡು, ಗೇಟು, ತಡೆಗೋಡೆ, ಸಂಪು, ಸೆಪ್ಟಿಕ್ ಟ್ಯಾಂಕು, ಚಾವಣಿಯ ಸೋಲಾರ್ ಕೂಡ ಅದರಲ್ಲಿ ಸೇರುತ್ತವೆ. ಇಳಿಜಾರಿನಲ್ಲಿ ಮಣ್ಣು ತೆಗೆದು ಸಮ ಮಾಡಿ ಮನೆ ಕಟ್ಟಿದವರು ತಡೆಗೋಡೆಯ ವಿಷಯವನ್ನು ಗಟ್ಟಿಯಾಗಿ ಕೇಳಿಕೊಳ್ಳಬೇಕು. ಕೆಲವೊಮ್ಮೆ ಮನೆ ರಿಪೇರಿಗಿಂತ ಆ ಗೋಡೆಯನ್ನು ಮತ್ತೆ ಎಬ್ಬಿಸುವುದಕ್ಕೇ ಹೆಚ್ಚು ದುಡ್ಡು ಬೇಕಾಗುತ್ತದೆ.

ಸಾಮಾನು ಎಂದರೆ ಫ್ರಿಜ್ಜು, ಟಿವಿ, ಮಂಚ, ಬೀರು, ಬಟ್ಟೆ, ಪಾತ್ರೆ, ಮಿಕ್ಸಿ, ಯುಪಿಎಸ್. ಚಿನ್ನ, ಬೆಳ್ಳಿಯಂಥ ಬೆಲೆಬಾಳುವ ವಸ್ತುಗಳಿಗೆ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಒಟ್ಟು ಮೊತ್ತ 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಮೌಲ್ಯದ ಸರ್ಟಿಫಿಕೇಟು ಬೇಡ.

ಇಲ್ಲಿ ಬಹಳ ಜನ ಎಡವುತ್ತಾರೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ‘ನಮ್ಮ ಪಾಲಿಸಿಯಲ್ಲಿ ಸಾಮಾನೂ ಇದೆ, ನೀವೇನೂ ಮಾಡಿಸಬೇಡಿ’ ಎಂದು ಓನರ್ ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಆ ಸಾಮಾನು ಪಾಲಿಸಿ ಮಾಡಿಸಿದವರ ಸ್ವಂತ ಸಾಮಾನು. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರ ಫ್ರಿಜ್ಜು ಅದರಲ್ಲಿ ಬರುವುದಿಲ್ಲ. ನಷ್ಟವಾದರೆ ತನಗೆ ದುಡ್ಡಿನ ಪೆಟ್ಟು ಬೀಳುತ್ತದೆ ಎಂಬಂಥ ವಸ್ತುವಿಗೆ ಮಾತ್ರ ಒಬ್ಬರು ವಿಮೆ ಪಡೆಯಬಹುದು. ವಿಮೆಯ ಮೂಲ ನಿಯಮವೇ ಅದು.

ಓನರ್ ಯಾಕೆ ಕಟ್ಟಬೇಕು

ಮೊದಲ ಕಾರಣ, ಮನೆ ಅವರದು. ಪೂರ್ತಿ ಬಿದ್ದುಹೋದರೆ ಬಾಡಿಗೆಯವರು ಬೇರೆ ಮನೆ ನೋಡಿಕೊಳ್ಳುತ್ತಾರೆ, ಕಟ್ಟಿದವರಿಗೆ ಒಂದು ಜೀವಮಾನದ ದುಡಿಮೆ ಹೋಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮೂ ಇದೇ ದಾರಿಯಲ್ಲಿದೆ. ಬೆಂಕಿ, ಬಿರುಗಾಳಿ, ನೆರೆಯಂಥ ಕಾರಣಕ್ಕೆ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ ಅಥವಾ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ ಕರಾರನ್ನು ರದ್ದು ಮಾಡಿಕೊಳ್ಳುವ ಆಯ್ಕೆ ಬಾಡಿಗೆದಾರರದು. ಅವರ ತಪ್ಪಿನಿಂದಲೇ ಹಾನಿಯಾಗಿದ್ದರೆ ಮಾತ್ರ ಆ ಅನುಕೂಲ ಇಲ್ಲ. ಅಂದರೆ ಧರೆ ಕುಸಿದ ಮರುದಿನ ಓನರ್ ಕೈಯಲ್ಲಿ ಮುರಿದ ಮನೆಯೂ ಇರುತ್ತದೆ, ಅಡ್ವಾನ್ಸ್ ವಾಪಸ್ ಕೊಡುವ ಹೊಣೆಯೂ ಇರುತ್ತದೆ.

ಎರಡನೆಯದು, ಮನೆ ವಾಸಯೋಗ್ಯವಲ್ಲದ ಕಾಲದ ಬಾಡಿಗೆ. ಗೃಹ ರಕ್ಷಾದ ಕಟ್ಟಡ ವಿಮೆಯಲ್ಲಿ, ರಿಪೇರಿಗೆ ನ್ಯಾಯವಾಗಿ ಬೇಕಾಗುವಷ್ಟು ಕಾಲ, ಹೆಚ್ಚೆಂದರೆ ಮೂರು ವರ್ಷ, ಕೈತಪ್ಪಿದ ಬಾಡಿಗೆಯನ್ನೂ ಕಂಪನಿ ಕೊಡುತ್ತದೆ. ಪಿಂಚಣಿ ಜೊತೆಗೆ ಮೇಲಿನ ಮನೆಯ ಬಾಡಿಗೆಯನ್ನೇ ನಂಬಿಕೊಂಡಿರುವ ಹಿರಿಯರು ನಮ್ಮ ಎರಡೂ ಊರುಗಳಲ್ಲಿ ಬಹಳ. ಮಕ್ಕಳು ಬೆಂಗಳೂರಿನಲ್ಲಿ, ಕೆಳಗೆ ಇವರಿಬ್ಬರು, ಮೇಲೆ ಬಾಡಿಗೆ. ಅವರಿಗೆ ಈ ಒಂದು ಅಂಶವೇ ಪಾಲಿಸಿ ಮಾಡಿಸಲು ಸಾಕು. ಆದರೆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ ಎಂದು ಪಾಲಿಸಿ ಮಾಡಿಸುವಾಗಲೇ ಬರೆಸಬೇಕು. ‘ಸ್ವಂತ ವಾಸ’ ಎಂದು ಬರೆಸಿ ಬಾಡಿಗೆಗೆ ಕೊಟ್ಟರೆ ಕ್ಲೇಮ್ ಹೊತ್ತಿಗೆ ಅದೇ ತಕರಾರಾಗುತ್ತದೆ.

ಮೂರನೆಯದು ಆದಾಯ ತೆರಿಗೆ. ಬಾಡಿಗೆ ಆದಾಯದಲ್ಲಿ ನಗರಸಭೆ ಕಂದಾಯ ಕಳೆದು ಉಳಿದದ್ದರಲ್ಲಿ ಶೇ. 30ರಷ್ಟನ್ನು ನೀವು ಖರ್ಚು ಮಾಡಿರಲಿ ಬಿಡಲಿ ಬಿಟ್ಟುಕೊಡುತ್ತಾರೆ. ರಿಪೇರಿ, ವಿಮೆ ಎಂದು ಬೇರೆಯಾಗಿ ಏನೂ ಕಳೆಯುವಂತಿಲ್ಲ, ಎಲ್ಲವೂ ಆ ಮೂವತ್ತರಲ್ಲೇ. ಹಾಗಿರುವಾಗ ಆ ವಿನಾಯಿತಿ ಪಡೆದೂ ಪ್ರೀಮಿಯಂ ಮಾತ್ರ ಬಾಡಿಗೆಯವರು ಕೊಡಲಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದಿದೆ, ಅದು ಬರೀ ಅನುಕೂಲದ ಮಾತು. ಬಾಡಿಗೆಯವರು ಬದಲಾಗುತ್ತಾರೆ, ಮನೆ ಇದ್ದಲ್ಲೇ ಇರುತ್ತದೆ. ಈ ಪಾಲಿಸಿಯನ್ನು ಒಂದೇ ಸಲ 10 ವರ್ಷದವರೆಗೂ ಮಾಡಿಸಬಹುದು. ಹಾಗೆ ಮಾಡಿಸಿದರೆ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿ ಏರುತ್ತದೆ. ಹನ್ನೊಂದು ತಿಂಗಳಿಗೆ ಬಂದ ಮನುಷ್ಯನಿಂದ ಇದು ಆಗುವ ಕೆಲಸವಲ್ಲ.

ಎಷ್ಟಕ್ಕೆ ಮಾಡಿಸಬೇಕು? ಹಾಸನದ ವಿದ್ಯಾನಗರದಲ್ಲಿ ಒಂದು ಆರ್‌ಸಿಸಿ ಮನೆ, ಒಳಗಿನ ವಿಸ್ತೀರ್ಣ 1,000 ಚದರಡಿ ಎಂದಿಟ್ಟುಕೊಳ್ಳಿ. ಇವತ್ತು ಕಟ್ಟಲು ಚದರಡಿಗೆ 2,000 ರೂಪಾಯಿ ಎಂದು ಹಿಡಿದರೆ ವಿಮಾ ಮೊತ್ತ 20 ಲಕ್ಷ. ಸೈಟಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಸೈಟಿಗೆ ಬೆಂಕಿ ಬೀಳುವುದಿಲ್ಲವಲ್ಲ. ‘ನಮ್ಮ ಮನೆ ಎಂಬತ್ತು ಲಕ್ಷ ಬಾಳುತ್ತದೆ, ಅಷ್ಟಕ್ಕೆ ಪ್ರೀಮಿಯಂ ಎಲ್ಲಿಂದ ತರೋದು’ ಎನ್ನುವವರು ಸೈಟಿನ ಬೆಲೆಯನ್ನೂ ಸೇರಿಸಿ ಗಾಬರಿಯಾಗಿರುತ್ತಾರೆ. ಸಾಧಾರಣ ಆರ್‌ಸಿಸಿ ಮನೆಯ ಕಟ್ಟಡ ವಿಮೆಗೆ ವರ್ಷದ ಪ್ರೀಮಿಯಂ, ಆ ಮನೆಯ ಒಂದು ತಿಂಗಳ ಬಾಡಿಗೆಗಿಂತ ಬಹಳ ಕಡಿಮೆ. ಗೃಹ ಸಾಲ ಇದ್ದರೆ ಬ್ಯಾಂಕೇ ಈಗಾಗಲೇ ಒಂದು ಪಾಲಿಸಿ ಮಾಡಿಸಿರಬಹುದು. ಅದು ಸಾಲದ ಮೊತ್ತಕ್ಕೋ ಕಟ್ಟುವ ಖರ್ಚಿಗೋ, ಇನ್ನೂ ಚಾಲ್ತಿಯಲ್ಲಿದೆಯೋ ಇಲ್ಲವೋ ನೋಡಿಕೊಳ್ಳಿ. ಸಾಲ ತೀರಿದ ಮೇಲೆ ಅದನ್ನು ಯಾರೂ ನವೀಕರಿಸದೆ ಬಿಟ್ಟಿರುವುದೇ ಹೆಚ್ಚು.

ಚಿಕ್ಕಮಗಳೂರಿನ ಬಸವನಹಳ್ಳಿಯಂಥ ಹಳೆಯ ಬೀದಿಗಳ ಹೆಂಚಿನ ಮನೆಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ, ರೀಪು, ಅಟ್ಟ, ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಇದ್ದದ್ದನ್ನು ಇದ್ದಂತೆ ಹೇಳಿ ಮಾಡಿಸಿ. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಆಗಲಿ. ಆರ್‌ಸಿಸಿ ಎಂದು ಬರೆಸಿ ಉಳಿಸಿದ ದುಡ್ಡು ಉಳಿತಾಯವೇ ಅಲ್ಲ.

ಬಾಡಿಗೆಯವರು ಯಾಕೆ ಸಾಮಾನಿಗೆ ಕಟ್ಟಬೇಕು

ಓನರ್ ಮಾಡಿಸಲಿಲ್ಲ ಎಂದು ಬಾಡಿಗೆಯವರು ಬೈಯುತ್ತಾರೆ, ತಮ್ಮ ಪಾಲಿನದನ್ನು ತಾವೂ ಮಾಡಿಸಿರುವುದಿಲ್ಲ. ಕರೆಂಟ್ ಲೈನಿಗೆ ಸಿಡಿಲು ಹೊಡೆದು, ಬೆಂಕಿ ಹತ್ತಿ ಒಂದು ಕೋಣೆ ಸುಟ್ಟರೂ ಬೀರು, ಹಾಸಿಗೆ, ಲ್ಯಾಪ್‌ಟಾಪು, ಮಕ್ಕಳ ಪುಸ್ತಕ, ಮದುವೆಯ ಸೀರೆಗಳು ಎಲ್ಲ ಸೇರಿ ಎರಡು ಮೂರು ಲಕ್ಷಕ್ಕೆ ಕಡಿಮೆಯಾಗುವುದಿಲ್ಲ. ಸಾಮಾನಿಗೆ ಮಾತ್ರ ಪಾಲಿಸಿ ಬೇಕೆಂದು ಬಾಡಿಗೆಯವರು ತಮ್ಮ ಹೆಸರಲ್ಲೇ ಕೇಳಬಹುದು. ಓನರ್ ಒಪ್ಪಿಗೆ ಪತ್ರ ಬೇಡ, ಮನೆ ಪತ್ರ ಬೇಡ. ಏಜೆಂಟರು ಇದನ್ನು ತಾವಾಗಿ ಹೇಳುವುದು ಕಡಿಮೆ, ಅದರಲ್ಲಿ ಅವರಿಗೆ ಸಿಗುವ ಕಮಿಷನ್ನೂ ಕಡಿಮೆ. ನೀವೇ ಕೇಳಬೇಕು.

ಎರಡು ವಿಷಯ ಗಮನದಲ್ಲಿರಲಿ. ಬರೀ ಕಳ್ಳತನ ಗೃಹ ರಕ್ಷಾದಲ್ಲಿ ಇಲ್ಲ. ಬೆಂಕಿ, ನೆರೆಯಂಥ ಘಟನೆ ನಡೆದು, ಅದರಿಂದಾಗಿಯೇ ಏಳು ದಿನದೊಳಗೆ ಸಾಮಾನು ಕದ್ದುಹೋದರೆ ಮಾತ್ರ ಕೊಡುತ್ತಾರೆ. ಹಬ್ಬಕ್ಕೆ, ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋಗುವ ನೌಕರರ ಕುಟುಂಬಗಳಿಗೆ ಬೆಂಕಿಗಿಂತ ಕಳ್ಳರ ಭಯವೇ ಹೆಚ್ಚು. ಅವರು ಕಳ್ಳತನದ ರಕ್ಷಣೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಅದರಲ್ಲೂ ಬೀಗ ಒಡೆದು ಒಳಗೆ ನುಗ್ಗಿದ ಗುರುತು, ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ಎರಡನೆಯದು, ಶಾರ್ಟ್ ಸರ್ಕ್ಯೂಟಿನಿಂದ ಫ್ರಿಜ್ಜು ಒಂದೇ ಸುಟ್ಟುಹೋದರೆ ಆ ಫ್ರಿಜ್ಜಿಗೆ ದುಡ್ಡು ಬರುವುದಿಲ್ಲ. ಅದರಿಂದ ಬೆಂಕಿ ಹಬ್ಬಿ ಉಳಿದದ್ದು ಸುಟ್ಟರೆ ಉಳಿದದ್ದಕ್ಕೆ ಬರುತ್ತದೆ.

ಚಿಕ್ಕಮಗಳೂರು ಕಡೆಯವರಿಗೆ ಇನ್ನೊಂದು ಮಾತು. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಕಾಫಿ ಬೀಜದ ಮೂಟೆ, ಮೆಣಸಿನ ಚೀಲ ಇಟ್ಟು ಬೆಲೆ ಏರಲಿ ಎಂದು ಕಾಯುವವರಿದ್ದಾರೆ. ಅದು ವ್ಯಾಪಾರದ ಸರಕು. ಮನೆ ಸಾಮಾನಿನ ಪಾಲಿಸಿಯಲ್ಲಿ ಅದಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ.

‘ನೀವಿರುವ ಮನೆ, ನೀವೇ ಕಟ್ಟಿ’ ಎಂದರೆ

ಕೆಲವು ಓನರ್‌ಗಳು ಕಟ್ಟಡದ ಪ್ರೀಮಿಯಂ ಅನ್ನೂ ಬಾಡಿಗೆಯವರ ತಲೆಗೆ ಹಾಕುತ್ತಾರೆ. ತಿಂಗಳಿಗೆ ನೂರೋ ನೂರೈವತ್ತೋ ಬಾಡಿಗೆಗೆ ಸೇರಿಸಿ ಕೇಳುತ್ತಾರೆ. ಮೊತ್ತ ಚಿಕ್ಕದು, ಅದಕ್ಕಾಗಿ ಒಳ್ಳೆಯ ಮನೆ ಬಿಡುವುದು ಜಾಣತನವಲ್ಲ. ಕೊಡಬೇಕಾದರೆ ಕೊಡಿ. ಪಾಲಿಸಿಯ ಪ್ರತಿ ಮಾತ್ರ ಕೇಳಿ ಪಡೆಯಿರಿ. ವಿಮೆಯ ಹೆಸರಲ್ಲಿ ದುಡ್ಡು ಪಡೆದು ಪಾಲಿಸಿಯೇ ಮಾಡಿಸದಿರುವುದೂ ಉಂಟು.

ಆದರೆ ನೀವು ಕಟ್ಟಿದ ಮಾತ್ರಕ್ಕೆ ಆ ಪಾಲಿಸಿ ನಿಮ್ಮದಾಗುವುದಿಲ್ಲ. ಹೆಸರು ಓನರ್‌ದಾದರೆ ಪರಿಹಾರವೂ ಓನರ್‌ಗೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬೆಂಕಿ ನಿಮ್ಮ ಅಜಾಗರೂಕತೆಯಿಂದ ಬಿದ್ದದ್ದು ಎಂದಾದರೆ, ಕಂಪನಿ ಓನರ್‌ಗೆ ದುಡ್ಡು ಕೊಟ್ಟ ಮೇಲೆ ಓನರ್ ಜಾಗದಲ್ಲಿ ತಾನೇ ನಿಂತು ಅದನ್ನು ನಿಮ್ಮಿಂದ ವಸೂಲಿ ಮಾಡಬಹುದು. ಒಲೆ ಮೇಲೆ ಎಣ್ಣೆ ಬಾಣಲೆ ಇಟ್ಟು ಬಾಗಿಲು ಹಾಕಿಕೊಂಡು ಹೋಗಿದ್ದರು, ಇಸ್ತ್ರಿಪೆಟ್ಟಿಗೆ ಆರಿಸಿರಲಿಲ್ಲ ಎಂದು, ನಷ್ಟ ಅಳೆಯಲು ಬರುವ ಸರ್ವೇಯರ್ ವರದಿ ಕೊಟ್ಟರೆ, ವರ್ಷವಿಡೀ ಪ್ರೀಮಿಯಂ ಕೊಟ್ಟ ನೀವೇ ಅದೇ ಕಂಪನಿಯ ನೋಟಿಸಿಗೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಕಟ್ಟಡದ ಪ್ರೀಮಿಯಂನಲ್ಲಿ ಪಾಲು ಕೊಡುವವರು ಪಾಲಿಸಿಯಲ್ಲಿ ತಮ್ಮ ಹೆಸರನ್ನೂ ಸೇರಿಸಲು ಕೇಳಬೇಕು, ಇಲ್ಲವೇ ಬಾಡಿಗೆದಾರರ ಮೇಲೆ ವಸೂಲಿ ಹಕ್ಕು ಚಲಾಯಿಸುವುದಿಲ್ಲ ಎಂಬ ಒಪ್ಪಿಗೆಯನ್ನು ಕಂಪನಿಯಿಂದ ಬರೆಸಿಕೊಳ್ಳಬೇಕು. ಎರಡೂ ಆಗುವುದಿಲ್ಲ ಎಂದರೆ ಕೊಡಬೇಡಿ. ಕೆಲವು ಕಂಪನಿಗಳ ದೊಡ್ಡ ಮನೆ ಪ್ಯಾಕೇಜುಗಳಲ್ಲಿ ಬಾಡಿಗೆದಾರರ ಹೊಣೆಗೇ ಬೇರೆ ರಕ್ಷಣೆ ಇದೆ, ನಿಮ್ಮ ಸಾಮಾನಿನ ಪಾಲಿಸಿಯ ಜೊತೆ ಅದನ್ನೂ ವಿಚಾರಿಸಿ.

ಅರ್ಧ ನಿಮ್ಮದು, ಅರ್ಧ ನಮ್ಮದು ಎಂಬ ಏರ್ಪಾಡು ನೋಡಲು ನ್ಯಾಯವಾಗಿ ಕಾಣುತ್ತದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಬಾಡಿಗೆಯವರು ವರ್ಷದ ನಡುವೆ ಬಿಟ್ಟುಹೋದರೆ ಉಳಿದ ತಿಂಗಳಿನ ಪಾಲು ಯಾರು ಕೊಡಬೇಕು? ಕ್ಲೇಮ್ ಬಂದರೆ ಅರ್ಧ ಕೊಟ್ಟವರಿಗೆ ಅರ್ಧ ಸಿಗುತ್ತದೆಯೇ? ಇಲ್ಲ. ಒಂದು ಚಿಕ್ಕ ಮೊತ್ತಕ್ಕೆ ಎರಡು ಮನೆಗಳ ನಡುವೆ ಮಾತು ಬಿಡುವ ಕಾರಣ ಹುಟ್ಟುತ್ತದೆ, ಅಷ್ಟೇ.

ಭೋಗ್ಯಕ್ಕೆ ಹಿಡಿದ ಮನೆ

ಎಂಟು ಲಕ್ಷವೋ ಹನ್ನೆರಡು ಲಕ್ಷವೋ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲ, ಬಡ್ಡಿ ಇಲ್ಲ ಎಂದು ಮೂರು ವರ್ಷಕ್ಕೆ ಮನೆ ಹಿಡಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಈಗ ಜನ ಅದನ್ನೇ ಲೀಸ್ ಎನ್ನುತ್ತಾರೆ. ಇಲ್ಲಿ ವಿಮೆಯ ಪ್ರಶ್ನೆ ತಿಂಗಳ ಬಾಡಿಗೆ ಮನೆಗಿಂತ ಗಂಭೀರ, ಕೇಳುವವರು ಮಾತ್ರ ಇನ್ನೂ ಕಡಿಮೆ.

ಓನರ್ ಆ ಹತ್ತು ಲಕ್ಷವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಮಗಳ ಮದುವೆಗೋ ತೋಟಕ್ಕೋ ಹಳೆ ಸಾಲಕ್ಕೋ ಹೋಗಿರುತ್ತದೆ. ಅವಧಿ ಮುಗಿದಾಗ ಮುಂದಿನ ಭೋಗ್ಯದವರನ್ನು ಹುಡುಕಿ, ಅವರಿಂದ ಪಡೆದು ಇವರಿಗೆ ತೀರಿಸುತ್ತಾರೆ. ಅಂದರೆ ನಿಮ್ಮ ದುಡ್ಡು ವಾಪಸ್ ಬರುವುದು ಮನೆ ನೆಟ್ಟಗೆ ನಿಂತಿದ್ದರೆ ಮಾತ್ರ. ಮನೆ ಸುಟ್ಟರೆ ಮುಂದಿನ ಭೋಗ್ಯದವರು ಬರುವುದಿಲ್ಲ. ಓನರ್ ಎಷ್ಟೇ ಸಜ್ಜನರಾದರೂ ತಕ್ಷಣ ಎಲ್ಲಿಂದ ತಂದಾರು? ಹಾಗಾಗಿ ಈ ಮನೆಗೆ ವಿಮೆ ಇದೆಯೇ ಎಂದು ಓನರ್‌ಗಿಂತ ಮೊದಲು ನಿದ್ದೆಗೆಡಬೇಕಾದವರು ಒಳಗಿರುವವರು.

ಕಾನೂನು ಇದಕ್ಕೊಂದು ದಾರಿ ಇಟ್ಟಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 72ನೇ ಕಲಮಿನ ಪ್ರಕಾರ, ಅಡಮಾನಕ್ಕೆ ಹಿಡಿದವರು (ಸ್ವತ್ತನ್ನು ಆಧಾರವಾಗಿಟ್ಟುಕೊಂಡು ದುಡ್ಡು ಕೊಟ್ಟವರು), ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಸ್ವತ್ತಿಗೆ ಬೆಂಕಿ ವಿಮೆ ಮಾಡಿಸಬಹುದು ಮತ್ತು ಕಟ್ಟಿದ ಪ್ರೀಮಿಯಂ ಅನ್ನು ಅಸಲಿಗೆ ಸೇರಿಸಿಕೊಳ್ಳಬಹುದು. ಎಷ್ಟಕ್ಕೆ ಮಾಡಿಸಬೇಕೆಂದು ಪತ್ರದಲ್ಲಿ ಇಲ್ಲದಿದ್ದರೆ, ಪೂರ್ತಿ ನಾಶವಾದಾಗ ಮತ್ತೆ ಕಟ್ಟಲು ಬೇಕಾಗುವ ಮೊತ್ತದ ಮೂರರಲ್ಲಿ ಎರಡು ಪಾಲನ್ನು ಮೀರುವಂತಿಲ್ಲ. 76ನೇ ಕಲಮಿನ ಪ್ರಕಾರ, ಸ್ವಾಧೀನದಲ್ಲಿರುವವರು ಹಾಗೆ ಪಡೆದ ವಿಮೆ ಹಣವನ್ನು ಮನೆ ಮತ್ತೆ ಕಟ್ಟಲು ಅಥವಾ ಸಾಲಕ್ಕೆ ವಜಾ ಮಾಡಲು ಬಳಸಬೇಕು, ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಇಬ್ಬರಿಗೂ ನ್ಯಾಯವಾಗಿರುವ ಏರ್ಪಾಡು ಇದು. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಈ ಪ್ರಶ್ನೆಯನ್ನು ಬಿಡಿಸಿಲ್ಲ.

ಆದರೆ ಈ ಕಲಮುಗಳ ಆಸರೆ ಸಿಗುವುದು ನಿಮ್ಮ ಪತ್ರ ನಿಜಕ್ಕೂ ಸ್ವಾಧೀನ ಅಡಮಾನ ಪತ್ರ, ಅಂದರೆ ಕೊಟ್ಟ ದುಡ್ಡಿಗೆ ಆಧಾರವಾಗಿ ಮನೆಯನ್ನೇ ಸ್ವಾಧೀನಕ್ಕೆ ಬಿಟ್ಟುಕೊಡುವ ಪತ್ರವಾಗಿದ್ದರೆ. 100 ರೂಪಾಯಿ ಮೀರಿದ ಇಂಥ ಅಡಮಾನಕ್ಕೆ ನೋಂದಣಿ ಕಡ್ಡಾಯ. ಸ್ಟಾಂಪ್ ಪೇಪರಿನಲ್ಲಿ ಬೆರಳಚ್ಚು ಮಾಡಿಸಿ ನೋಟರಿ ಸೀಲು ಹಾಕಿಸಿದ ‘ಲೀಸ್ ಅಗ್ರಿಮೆಂಟು’ ಅಷ್ಟು ದೂರ ಬರುವುದಿಲ್ಲ. ಅಂಥ ಪತ್ರ ಮಾಡಿಕೊಂಡವರು ಕಲಮನ್ನು ನೆಚ್ಚಿಕೊಳ್ಳದೆ, ಅದರ ಮಾತುಗಳನ್ನೇ ತಮ್ಮ ಕರಾರಿನಲ್ಲಿ ಬರೆಸಿಕೊಳ್ಳಬೇಕು. ವಿಮೆಯನ್ನು ಓನರ್ ಹೆಸರಲ್ಲಿ ಮಾಡಿಸುವುದು, ಭೋಗ್ಯದವರ ಹಕ್ಕನ್ನು ಪಾಲಿಸಿಯಲ್ಲಿ ನಮೂದಿಸುವುದು, ಪ್ರೀಮಿಯಂ ಭೋಗ್ಯದವರೇ ಕಟ್ಟಿದರೆ ಮನೆ ಬಿಡುವಾಗ ಅಷ್ಟನ್ನೂ ಸೇರಿಸಿ ವಾಪಸ್ ಪಡೆಯುವುದು. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದರೆ ಪರಿಹಾರದ ಹಣಕ್ಕೆ ಬ್ಯಾಂಕೇ ಮೊದಲ ಹಕ್ಕುದಾರ. ಭೋಗ್ಯಕ್ಕೆ ಮುನ್ನ ಇಸಿ (ಸ್ವತ್ತಿನ ಋಣಭಾರ ಪತ್ರ) ತೆಗೆಸಿ ನೋಡುವ ಜೊತೆಗೆ, ಮೂಲ ಪತ್ರಗಳು ಯಾರ ಕೈಯಲ್ಲಿವೆ ಎಂದೂ ಕೇಳಿ.

ಹೀಗಾಗಿ ಭೋಗ್ಯದಲ್ಲಿ ನನ್ನ ಉತ್ತರ ತಿರುಗುತ್ತದೆ. ಓನರ್ ಮಾಡಿಸಿದರೆ ಸರಿ, ತಡ ಮಾಡಿದರೆ ಕಾಯಬೇಡಿ. ಹತ್ತು ಲಕ್ಷ ಒಳಗಿಟ್ಟವರು ವರ್ಷಕ್ಕೆ ಒಂದೆರಡು ಸಾವಿರಕ್ಕೆ ಚೌಕಾಸಿ ಮಾಡುತ್ತ ಕೂರಬಾರದು.

ಹೋಂಸ್ಟೇ, ಪಿಜಿ, ಲೈನ್ ಮನೆ

ಮನೆ ಬಾಡಿಗೆಗೆ ಪಡೆದು ಅದರಲ್ಲಿ ಹೋಂಸ್ಟೇ ನಡೆಸುವವರು ಚಿಕ್ಕಮಗಳೂರಿನ ಸುತ್ತ ಬಹಳ ಇದ್ದಾರೆ. ಇದು ವಾಸದ ಮನೆಯಲ್ಲ, ವ್ಯಾಪಾರ. ಗೃಹ ರಕ್ಷಾ ಇದಕ್ಕೆ ಹೊಂದುವುದಿಲ್ಲ. 5 ಕೋಟಿವರೆಗಿನ ಸಣ್ಣ ಉದ್ಯಮಗಳಿಗೆಂದು ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಮಾದರಿ ಪಾಲಿಸಿ ಇದೆ. ನನ್ನ ಪ್ರಕಾರ ಇಲ್ಲಿ ಪ್ರೀಮಿಯಂ ನಡೆಸುವವರೇ ಕೊಡಬೇಕು. ಅಪಾಯ ಹೆಚ್ಚಿಸುವ ಬಳಕೆ ಅವರದು, ಲಾಭವೂ ಅವರದು. ಹಾಸನದ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಸುತ್ತ ಮನೆ ಹಿಡಿದು ಪಿಜಿ ಮಾಡಿದವರಿಗೂ ಇದೇ ಮಾತು. ಓನರ್ ಮಾಡಬೇಕಾದ್ದು ಒಂದೇ, ಮನೆಯ ಬಳಕೆ ಬದಲಾಗಿದೆ ಎಂದು ತಮ್ಮ ವಿಮಾ ಕಂಪನಿಗೆ ಬರೆದು ತಿಳಿಸುವುದು. ತೋಟದ ಕೆಲಸದವರು ಇರುವ ಲೈನ್ ಮನೆಗಳ ವಿಷಯದಲ್ಲಿ ಚರ್ಚೆಯೇ ಬೇಡ, ಕಟ್ಟಡ ತೋಟದವರದು, ವಿಮೆಯೂ ಅವರದೇ.

ಯಾರೂ ಕಟ್ಟದಿದ್ದರೆ ಏನು ಸಿಗುತ್ತದೆ

ಸರ್ಕಾರ ಕೊಡುತ್ತದಲ್ಲ ಎನ್ನುವವರಿಗೆ 2019ರ ಲೆಕ್ಕ ಹೇಳಬೇಕು. ಆ ವರ್ಷ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ನೆರೆಗೆ ಸಿಕ್ಕಿದ ಕುಟುಂಬಕ್ಕೆ ತಕ್ಷಣದ ನೆರವೆಂದು 10,000 ರೂಪಾಯಿ ಘೋಷಿಸಿತು. ಮನೆ ಪರಿಹಾರ ಮನೆಯ ಒಡೆಯರಿಗೆ. ಬಾಡಿಗೆಯವರ ಪಾಲಿಗೆ ಉಳಿಯುವುದು ಆ ತಕ್ಷಣದ ನೆರವಿನಂಥದ್ದು ಮಾತ್ರ. ಅದೂ ದೊಡ್ಡ ನೆರೆ ಬಂದ ವರ್ಷ. ನಿಮ್ಮೊಬ್ಬರ ಮನೆಗೆ ಬೆಂಕಿ ಬಿದ್ದರೆ ಅಂಥ ಘೋಷಣೆ ಬರುವುದಿಲ್ಲ.

ಗ್ಯಾಸ್ ಸಿಲಿಂಡರ್ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿ ಇದೆ, ಬಾಡಿಗೆಯವರು ಅದನ್ನು ತಾವೇ ಕೈಯಾರೆ ಕಳೆದುಕೊಳ್ಳುತ್ತಾರೆ. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರೆಲ್ಲರಿಗೂ ತಮ್ಮ ಖರ್ಚಿನಲ್ಲೇ ವಿಮೆ ಮಾಡಿಸಿರುತ್ತವೆ. ಅನಿಲ ದುರಂತದಲ್ಲಿ ಸಾವಾದರೆ ತಲೆಗೆ 6 ಲಕ್ಷ, ಚಿಕಿತ್ಸೆಗೆ ತಲೆಗೆ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಆಸ್ತಿ ಹಾನಿಯ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ದುರಂತ ನಡೆದರೆ ಮಾತ್ರ. ಅರಸೀಕೆರೆಯಿಂದ ಹಾಸನಕ್ಕೆ ಬಂದು ನಾಲ್ಕು ವರ್ಷವಾದರೂ ಕನೆಕ್ಷನ್ ಊರಿನ ವಿಳಾಸದಲ್ಲೇ ಇದ್ದರೆ, ಪರಿಚಯದವರ ಸಿಲಿಂಡರ್ ತಂದು ಉರಿಸುತ್ತಿದ್ದರೆ, ಆ ಎರಡು ಲಕ್ಷ ಸಿಗುವುದಿಲ್ಲ. ವಿಳಾಸ ಬದಲಾಯಿಸಿಕೊಳ್ಳಲು ಬಾಡಿಗೆ ಕರಾರಿನ ಪ್ರತಿ ಸಾಕು.

ಗೋಡೆ ಶೀತ, ಪಾಚಿ, ಚಾವಣಿ ಸೋರುವುದು – ಇವು ಮಲೆನಾಡಿನ ಬಾಡಿಗೆ ಮನೆಗಳ ನಿತ್ಯದ ಗೋಳು, ಯಾವ ವಿಮೆಯಲ್ಲೂ ಇಲ್ಲ. ಹಂತಹಂತವಾಗಿ ಆಗುವ ಹಾನಿಗೆ ವಿಮೆ ಇರುವುದಿಲ್ಲ. ಅದು ರಿಪೇರಿಯ ವಿಷಯ. ಮಾಡಿಸುತ್ತೇನೆಂದು ಕರಾರಿನಲ್ಲಿ ಒಪ್ಪಿಕೊಂಡ ಓನರ್ ಹೇಳಿದ ಮೇಲೂ ಮಾಡಿಸದಿದ್ದರೆ ಬಾಡಿಗೆಯವರೇ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು 108ನೇ ಕಲಮು ಅವಕಾಶ ಕೊಟ್ಟಿದೆ. ಬರೆದು ತಿಳಿಸಿ, ವಾಟ್ಸಾಪಿನಲ್ಲಾದರೂ ಸರಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಕರಾರಿನಲ್ಲಿ ಹೀಗೆ ಬರೆಸಿ

‘ಕಟ್ಟಡದ ಬೆಂಕಿ ಹಾಗೂ ಪ್ರಕೃತಿ ವಿಕೋಪ ವಿಮೆಯನ್ನು ಮಾಲೀಕರು ತಮ್ಮ ಖರ್ಚಿನಲ್ಲಿ ಮಾಡಿಸಿ, ಈ ಕರಾರಿನ ಅವಧಿ ಮುಗಿಯುವವರೆಗೆ ಚಾಲ್ತಿಯಲ್ಲಿಡತಕ್ಕದ್ದು ಮತ್ತು ಪಾಲಿಸಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡತಕ್ಕದ್ದು. ತಮ್ಮ ಸಾಮಾನುಗಳ ವಿಮೆಗೆ ಬಾಡಿಗೆದಾರರೇ ಜವಾಬ್ದಾರರು. ಬಾಡಿಗೆದಾರರ ತಪ್ಪಿಲ್ಲದೆ ಮನೆ ವಾಸಕ್ಕೆ ಬಾರದಂತಾದ ದಿನದಿಂದ ರಿಪೇರಿ ಮುಗಿಯುವವರೆಗೆ ಬಾಡಿಗೆ ಕೊಡತಕ್ಕದ್ದಿಲ್ಲ. ಬಾಡಿಗೆದಾರರು ಮನೆ ಬಿಡಲು ಇಚ್ಛಿಸಿದಲ್ಲಿ ಮುಂಗಡ ಹಣವನ್ನು ಮೂವತ್ತು ದಿನದೊಳಗೆ ಹಿಂದಿರುಗಿಸತಕ್ಕದ್ದು.’

ನಾಲ್ಕು ವಾಕ್ಯ, ಸ್ಟಾಂಪ್ ಪೇಪರಿನಲ್ಲಿ ಅರ್ಧ ಪುಟವೂ ಆಗುವುದಿಲ್ಲ. ಓನರ್ ಮುಖ ಗಂಟಿಕ್ಕಿದರೆ, ‘ಸಾರ್, ಮನೆ ಖಾಲಿ ಇರುವಷ್ಟು ದಿನ ನಿಮಗೆ ಬಾಡಿಗೆ ಕಂಪನಿಯಿಂದ ಬರುತ್ತೆ, ಅದಕ್ಕೇ ಹೇಳ್ತಿರೋದು’ ಎಂದು ಅವರ ಲಾಭದಿಂದಲೇ ಮಾತು ಶುರು ಮಾಡಿ. ಹಿರಿಯ ಓನರ್‌ಗಳಿಗೆ ಆನ್‌ಲೈನಿನಲ್ಲಿ ಮಾಡಿಸಲು ಬಾರದಿದ್ದರೆ ಪಕ್ಕದಲ್ಲಿ ಕೂತು ನೀವೇ ಮಾಡಿಸಿಕೊಡಿ. ಮೊಬೈಲ್ ನಂಬರು, ಬ್ಯಾಂಕ್ ಖಾತೆ ಮಾತ್ರ ಅವರದೇ ಇರಲಿ.

ಅಷ್ಟಾದರೂ ಒಪ್ಪದಿದ್ದರೆ, ತಿಂಗಳ ಬಾಡಿಗೆಯ ಮನೆಯಲ್ಲಿ ಕಟ್ಟಡದ ಚಿಂತೆ ಅವರಿಗೇ ಬಿಡಿ. ನಿಮ್ಮ ಸಾಮಾನಿನ ಪಾಲಿಸಿ ಮಾಡಿಸಿಕೊಳ್ಳಿ. ಒಂದೊಂದು ಕೋಣೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ, ಬೀರುವಿನ ಬಾಗಿಲನ್ನೂ ತೆರೆದು ತೋರಿಸಿ. ಫ್ರಿಜ್ಜು, ಟಿವಿ, ವಾಷಿಂಗ್ ಮಷಿನ್ನಿನ ಬಿಲ್ಲುಗಳ ಫೋಟೊ ತೆಗೆದು ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ. ಸರ್ವೇಯರ್ ಬಂದಾಗ ಮೊದಲು ಕೇಳುವುದು ಅದನ್ನೇ, ಮನೆಯ ಜೊತೆಗೆ ಬಿಲ್ಲುಗಳೂ ಸುಟ್ಟಿರುತ್ತವೆ.